ಮೆತ್ತಗೆ ಮಾತಾಡಿ ಅಂದರೆ ಸಹಿ ಹಾಕಿ ಅಂತಲ್ಲ

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ವಯಸ್ಸು 41. ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಸಂಡೇ ಸ್ಕೂಲಿನಲ್ಲೂ ಕಲಿಸುತ್ತೇನೆ. ತವರು ಗದಗ-ಬೆಟಗೇರಿ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು, ಉಯಿಲು ಬರೆದಿಲ್ಲ. ಅವರೇ ದುಡಿದು ಕಟ್ಟಿಸಿದ ಮನೆಯಲ್ಲಿ ಅವ್ವ, ಅಣ್ಣ, ವೈನಿ ಇದ್ದಾರೆ. ನಾನು, ತಂಗಿ ಮದುವೆಯಾಗಿ ಹೊರಗಿದ್ದೇವೆ. ಅಣ್ಣನಿಗೆ ಮನೆ ಮಾರಬೇಕಾಗಿದೆ. ಕ್ರಿಸ್‌ಮಸ್ ಒಳಗೆ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ನಾವಿಬ್ಬರೂ ಸಹಿ ಹಾಕಬೇಕು ಅನ್ನುತ್ತಾನೆ. ಹೋದ ತಿಂಗಳು ಭಾನುವಾರ ಊಟಕ್ಕೆ ಕೂತಾಗ ಮಾತು ಬಂತು. "ನಿನ್ನ ಮದುವ್ಯಾಗ ಏನೇನ್ ಕೊಟ್ಟಾರ ಅಂತ ಲೆಕ್ಕ ಹಾಕು" ಅಂದ. ನಾನು ತಡೆಯಲಾರದೆ "ಅಪ್ಪ ದವಾಖಾನ್ಯಾಗ ಇದ್ದಾಗ ನೀ ಎಲ್ಲಿದ್ದಿ?" ಅಂತ ಎಲ್ಲರ ಮುಂದೆ ಕೂಗಿದೆ. "ಸಂಡೇ ಸ್ಕೂಲಿನ್ಯಾಗ ಮಕ್ಕಳಿಗೆ ಇದನ್ನ ಕಲಸ್ತೀಯೇನು?" ಅಂದ. ಅವ್ವ ಅಳುತ್ತಾ ಅಡುಗೆಮನೆಗೆ ಹೋದರು. ಅಂದಿನಿಂದ ನನಗೆ ನಿದ್ದೆ ಇಲ್ಲ. ನಮ್ಮ ಸಭೆಯ ಪಾದ್ರಿ ಅಯ್ಯನವರು "ಮೃದುವಾದ ಉತ್ತರ ಸಿಟ್ಟನ್ನು ಆರಿಸುತ್ತೆ, ತಾಳ್ಮೆ ಇರಲಿ ಅಮ್ಮಾ" ಅಂದರು. ಯಜಮಾನರು ಕೋರ್ಟಿಗೆ ಹೋಗೋಣ ಅನ್ನುತ್ತಾರೆ. ಸುಮ್ಮನೆ ಸಹಿ ಹಾಕಿ ಶಾಂತಿ ಉಳಿಸಿಕೊಳ್ಳಲೇ? ಮೃದುವಾಗಿರಬೇಕು ಅಂದರೆ ಇದೇನಾ? ಅವನು ದನಿ ಏರಿಸಿದ ಕೂಡಲೇ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಏನು ಮಾಡಲಿ?

ಉತ್ತರ: ಪ್ರಿಯ ಸಹೋದರಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಇದು ಆಸ್ತಿ ಜಗಳ ಅನ್ನಿಸಿತು. ಎರಡನೇ ಸಲ ಓದಿದಾಗ ಕಂಡದ್ದು ಬೇರೆ. ನಿಮ್ಮನ್ನು ಕಾಡುತ್ತಿರುವುದು ಮನೆಯ ಪಾಲಿಗಿಂತ ಜಾಸ್ತಿ ನೀವು ಆಡಿದ ಆ ಒಂದು ಮಾತು. ಅದಕ್ಕೆ ಏನಾದರೂ ದಂಡ ಕಟ್ಟಿ ಮುಗಿಸಿಬಿಡಬೇಕು ಅಂತ ಮನಸ್ಸು ಒದ್ದಾಡುತ್ತಿದೆ. ಆ ದಂಡ ನಿಮ್ಮ ಸಹಿಯ ರೂಪದಲ್ಲಿ ಹೋಗುತ್ತದೇನೋ ಅಂತ ನನಗೆ ಭಯ.

ಕುಟುಂಬಗಳ ಜೊತೆ ಆಪ್ತಸಮಾಲೋಚನೆ ಮಾಡುವ ನಾನು ಇದನ್ನು ಸಭೆಯ ಹೆಣ್ಣುಮಕ್ಕಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ದನಿ ಏರಿಸಿದ್ದು ತಪ್ಪು ಅಂತ ಅನ್ನಿಸುತ್ತದೆ. ಆಮೇಲೆ, ದನಿ ಏರಿಸಿದ ನಾನು ಕೇಳಿದ್ದೂ ತಪ್ಪೇ ಇರಬೇಕು ಅಂತ ಅನ್ನಿಸತೊಡಗುತ್ತದೆ. ದನಿ ಬೇರೆ, ವಿಷಯ ಬೇರೆ. ನೀವು ಮಾತಾಡಿದ ರೀತಿಗೆ ಕ್ಷಮೆ ಕೇಳಬೇಕಾಗಬಹುದು. ಮಾತಾಡಿದ ವಿಷಯವನ್ನು ಅದರ ಜೊತೆಗೆ ಕೊಟ್ಟುಬಿಡಬೇಕಾಗಿಲ್ಲ. ನಾನು ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ನಾನು ವಕೀಲಳಲ್ಲ, ನೀವು ಒಬ್ಬ ವಕೀಲರನ್ನು ಕಾಣಲೇಬೇಕು. ಆದರೂ ಇಲ್ಲಿ ಹೇಳುತ್ತಿದ್ದೇನೆ, ಯಾಕಂದ್ರೆ ನಿಮ್ಮ ಮನೆಯ ಜಗಳದಲ್ಲಿ ಅರ್ಧ ಸಿಟ್ಟು ಯಾರ ಪಾಲು ಎಷ್ಟು ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲದ್ದರಿಂದ ಬಂದಿದೆ. ನಮ್ಮ ಕಡೆಯ ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ತಂದೆ ಉಯಿಲು ಬರೆಯದೆ ತೀರಿಕೊಂಡರೆ ತಾಯಿಗೆ ಮೂರನೇ ಒಂದು ಪಾಲು. ಉಳಿದದ್ದು ಮಕ್ಕಳಿಗೆ ಸಮಪಾಲು. ಗಂಡು, ಹೆಣ್ಣು, ಮದುವೆಯಾದವರು, ಆಗದವರು ಅನ್ನುವ ಭೇದ ಇಲ್ಲ. ಲೆಕ್ಕ ಹಾಕಿದರೆ ನಿಮ್ಮ ಮನೆಯಲ್ಲಿ ಅವ್ವನದು ಒಂಬತ್ತರಲ್ಲಿ ಮೂರು ಪಾಲು, ನೀವು ಮೂವರು ಮಕ್ಕಳದು ತಲಾ ಎರಡು. ಅಂದರೆ ಎಲ್ಲರಿಗಿಂತ ದೊಡ್ಡ ಪಾಲು ಅವ್ವನದು. ನಿಮ್ಮ ಪತ್ರದಲ್ಲಿ ಅವರ ಇಷ್ಟ ಏನು ಅಂತ ಒಂದು ಸಾಲೂ ಇಲ್ಲ ನೋಡಿ.

ಮದುವೆಯಲ್ಲಿ ಕೊಟ್ಟಿದ್ದನ್ನು ಕಳೆಯಬೇಕು ಅನ್ನುವುದು ಅಣ್ಣನ ಮಾತು. ನಮ್ಮ ಊರುಗಳಲ್ಲಿ ಎಲ್ಲರೂ ಹಾಗೇ ನಂಬಿದ್ದಾರೆ. ಅದೇ ಕಾಯ್ದೆಯ 49ನೇ ಕಲಮು ಇದಕ್ಕೆ ನೇರ ಉತ್ತರ ಕೊಡುತ್ತದೆ. ತಂದೆ ಬದುಕಿದ್ದಾಗ ಮಗ ಅಥವಾ ಮಗಳಿಗೆ ಕೊಟ್ಟಿದ್ದನ್ನು ಪಾಲಿನ ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ಉತಾರಕ್ಕೆ, ಅಂದರೆ ಆಸ್ತಿಯ ದಾಖಲೆಗೆ, ಅಣ್ಣನ ಹೆಸರು ಹಚ್ಚಿದ್ದರೂ ಅಷ್ಟಕ್ಕೇ ಮನೆ ಅವನೊಬ್ಬನದಾಗುವುದಿಲ್ಲ. ಮತ್ತೆ, ಹಕ್ಕು ಬಿಟ್ಟ ಪತ್ರ ಒಮ್ಮೆ ರಿಜಿಸ್ಟರ್ ಆಯಿತೆಂದರೆ ಅದನ್ನು ರದ್ದು ಮಾಡಿಸುವುದು ತುಂಬಾ ಕಷ್ಟ.

ಇದನ್ನು ಅಣ್ಣನ ಮುಖಕ್ಕೆ ಎಸೆಯಿರಿ ಅಂತ ಹೇಳಲಿಲ್ಲ. ತನ್ನ ಕಾಲ ಕೆಳಗೆ ನೆಲ ಗಟ್ಟಿ ಇದೆ ಅಂತ ಗೊತ್ತಿರುವವರಿಗೆ ಕೂಗುವ ಅಗತ್ಯ ಕಡಿಮೆ. ಸುಮ್ನೆ ಗಮನಿಸಿ, ನೀವು ಅವತ್ತು ಕೂಗಿದ್ದು ಉತ್ತರ ಗೊತ್ತಿಲ್ಲದ ಜಾಗದಲ್ಲೇ. ಮದುವೆ ಖರ್ಚಿನ ಮಾತು ಬಂದಾಗ ಏನು ಹೇಳಬೇಕು ಅಂತ ತೋಚದೆ ಕೈಗೆ ಸಿಕ್ಕ ಬೇರೆ ಆಯುಧ ಹಿಡಿದಿರಿ.

ಈಗ ಅಯ್ಯನವರು ಹೇಳಿದ ವಚನಕ್ಕೆ ಬರೋಣ. ಅದು ಬೈಬಲ್ಲಿನ ಜ್ಞಾನೋಕ್ತಿ 15ನೇ ಅಧ್ಯಾಯದ ಮೊದಲ ವಚನ. ನಮ್ಮ ಸಭೆಗಳಲ್ಲಿ ಇದನ್ನು ಹೇಳುವುದೇ ಯಾರನ್ನಾದರೂ ಸುಮ್ಮನಾಗಿಸಲು, ಅದರಲ್ಲೂ ಹೆಣ್ಣುಮಕ್ಕಳನ್ನು. ಆದರೆ ಆ ವಚನ ಎರಡು ಉತ್ತರಗಳನ್ನು ಎದುರುಬದುರು ಇಟ್ಟು ತೋರಿಸುತ್ತದೆ. ಒಂದು ಸಿಟ್ಟು ಆರಿಸುವ ಉತ್ತರ, ಇನ್ನೊಂದು ಕೆರಳಿಸುವ ಉತ್ತರ. ಉತ್ತರವನ್ನೇ ಕೊಡಬೇಡ ಅಂತ ಅದು ಎಲ್ಲೂ ಹೇಳುವುದಿಲ್ಲ.

ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ಕೆನ್ನೆ ತೋರಿಸು ಅನ್ನುವ ಮಾತನ್ನೂ ನಿಮಗೆ ಯಾರಾದರೂ ಹೇಳಿರುತ್ತಾರೆ. ಆ ಮಾತು ಹೇಳಿದ ಯೇಸುಸ್ವಾಮಿಗೇ ಒಬ್ಬ ಕೆನ್ನೆಗೆ ಹೊಡೆದ ಪ್ರಸಂಗ ಯೋಹಾನನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಇದೆ. ಮಹಾಯಾಜಕನ ಮುಂದೆ ವಿಚಾರಣೆ ನಡೆಯುತ್ತಿತ್ತು, ಪಕ್ಕದಲ್ಲಿ ನಿಂತಿದ್ದ ಓಲೇಕಾರ ಹೊಡೆದ. ಯೇಸು ತಿರುಗಿ ಹೊಡೆಯಲಿಲ್ಲ, ಶಪಿಸಲಿಲ್ಲ. ಬಾಯಿ ಮುಚ್ಚಿಕೊಂಡೂ ಇರಲಿಲ್ಲ. ನಾನು ತಪ್ಪು ಮಾತಾಡಿದ್ದರೆ ಏನು ತಪ್ಪು ಅಂತ ತೋರಿಸು, ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆದೆ ಅಂತ ಕೇಳಿದರು. ಬೈಗುಳ ಇಲ್ಲದ, ಎರಡೇ ಸಾಲಿನ, ನೇರ ಪ್ರಶ್ನೆ. ಮೃದು ಉತ್ತರ ಹೇಗಿರಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ತೆರೆದು ತೋರಿಸುವ ಪುಟ ಇದು.

ಸಿಟ್ಟು ಬಂದದ್ದೇ ಪಾಪ ಅನ್ನುವುದು ಇನ್ನೊಂದು ತಪ್ಪು ನಂಬಿಕೆ. ಸಬ್ಬತ್ ದಿನ ಕೈ ಬತ್ತಿದವನನ್ನು ವಾಸಿಮಾಡುವ ಮುಂಚೆ ಯೇಸು ಸುತ್ತಲಿದ್ದವರನ್ನು ಸಿಟ್ಟಿನಿಂದ ನೋಡಿದರು ಅಂತ ಮಾರ್ಕನು ಬರೆದಿದ್ದಾನೆ. ಪೌಲನೂ ಎಫೆಸದವರಿಗೆ ಸಿಟ್ಟೇ ಬರಬಾರದು ಅಂತ ಬರೆಯಲಿಲ್ಲ. ಸಿಟ್ಟು ಬಂದಾಗ ಪಾಪ ಮಾಡಬೇಡಿ, ಹೊತ್ತು ಮುಳುಗುವ ತನಕ ಅದನ್ನು ಇಟ್ಟುಕೊಳ್ಳಬೇಡಿ ಅಂತ ಬರೆದ. ಈ ಎರಡನೇ ಮಾತಿನಿಂದ ಎಷ್ಟೋ ಮನೆಗಳಲ್ಲಿ ಅನಾಹುತ ಆಗಿದೆ. ಇವತ್ತೇ ಮುಗಿಸಬೇಕು ಅಂತ ರಾತ್ರಿ ಒಂದು ಗಂಟೆ ತನಕ ಕೂತು, ನಿದ್ದೆಗೆಟ್ಟು, ಹಗಲಿಗಿಂತ ಕೆಟ್ಟದಾಗಿ ಜಗಳ ಆಡಿದವರನ್ನು ನಾನು ಬಲ್ಲೆ. ಪೌಲನ ಆ ಮಾತಿನ ಹಿಂದೆ ಇರುವುದು 4ನೇ ಕೀರ್ತನೆ. ಆ ಕೀರ್ತನೆ ಹೇಳುವುದು ಹಾಸಿಗೆಯ ಮೇಲೆ ನಿಮ್ಮ ಹೃದಯದೊಳಗೆ ಆಲೋಚಿಸಿ, ಸುಮ್ಮನಿರಿ ಅಂತ. ಹಗೆಯನ್ನು ರಾತ್ರಿಗೆ ಇಟ್ಟುಕೊಳ್ಳಬಾರದು, ಸರಿ. ಮಾತುಕತೆಯನ್ನು ನಾಳೆಗೆ ಇಟ್ಟುಕೊಳ್ಳಬಹುದು.

ಇನ್ನು ನಿಮ್ಮ ಬಾಯಿ ನಿಮ್ಮ ಮಾತು ಕೇಳದಿರುವ ವಿಷಯ. ಇದಕ್ಕೆ ಭಕ್ತಿ ಕಡಿಮೆಯಾದದ್ದು ಕಾರಣ ಅಂತ ನೀವು ಅಂದುಕೊಂಡಿರಬಹುದು. ಮೊದಲ ಕಾರಣ ಶರೀರ. ಯಾರೋ ನಮ್ಮ ಮೇಲೆ ದನಿ ಏರಿಸಿದಾಗ ಹುಲಿ ಎದುರು ಬಂದಾಗ ಆಗುವುದೇ ಶರೀರದಲ್ಲಿ ಆಗುತ್ತದೆ. ಅಡ್ರಿನಲಿನ್ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಎದುರಿನವರ ಮಾತು ಪೂರ್ತಿ ಕಿವಿಗೆ ಬೀಳುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್ಮನ್ ಗಂಡ-ಹೆಂಡತಿಯರನ್ನು ಕೂರಿಸಿ, ಅವರು ವಾದ ಮಾಡುವಾಗ ಎದೆಬಡಿತ ಅಳೆದು ನೋಡಿದವರು. ಬಡಿತ ನಿಮಿಷಕ್ಕೆ 100 ದಾಟಿದರೆ ಆ ಮನುಷ್ಯನಿಗೆ ಕೇಳಿಸಿಕೊಳ್ಳುವುದೂ ಯೋಚಿಸಿ ಮಾತಾಡುವುದೂ ಕಷ್ಟ ಅನ್ನುತ್ತಾರೆ ಅವರು. ಶರೀರ ಮತ್ತೆ ತಣ್ಣಗಾಗಲು ಕಡಿಮೆ ಅಂದರೂ 20 ನಿಮಿಷ ಬೇಕು. ಆ 20 ನಿಮಿಷದಲ್ಲಿ ನೀವು ಆಡುವ ಯಾವ ಮಾತೂ ನಿಮ್ಮ ಒಳ್ಳೆಯ ಮಾತಾಗಿರುವುದಿಲ್ಲ.

ಹಾಗಾಗಿ ಮೊದಲ ಕೆಲಸ ಅಲ್ಲಿಂದ ಏಳುವುದು. ಎದ್ದು ಹೋಗುವ ರೀತಿ ಮಾತ್ರ ಮುಖ್ಯ. ಏನೂ ಹೇಳದೆ ಚೇರು ಸರಿಸಿ ಎದ್ದು ಹೋದರೆ ಅದು ಇನ್ನೊಂದು ಏಟು. "ಅಣ್ಣಾ, ನನಗೀಗ ಸಿಟ್ಟು ಭಾಳ ಬಂದೈತಿ. ಅರ್ಧಾ ತಾಸು ಬಿಟ್ಟು ಬಂದು ಮಾತಾಡ್ತೀನಿ" ಅಂತ ಹೇಳಿ ಏಳಿ. ಹೇಳಿದ ಹೊತ್ತಿಗೆ ವಾಪಸ್ ಬನ್ನಿ. ನೀವು ಮರಳಿ ಬರುತ್ತೀರಿ ಅಂತ ಎರಡು ಸಲ ಕಂಡ ಮೇಲೆ, ಮೂರನೇ ಸಲ ನೀವು ಏಳುವಾಗ ಅವನು ಅಷ್ಟು ಕೂಗುವುದಿಲ್ಲ.

ಆ ಅರ್ಧ ತಾಸಿನಲ್ಲಿ ಏನು ಮಾಡುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹೊರಗೆ ನಿಂತು ಅವನು ಹಿಂಗಂದ, ನಾನು ಹಂಗನ್ನಬೇಕಿತ್ತು ಅಂತ ಮನಸ್ಸಿನಲ್ಲೇ ವಾದ ಮುಂದುವರಿಸಿದರೆ ಎದೆಬಡಿತ ಇಳಿಯುವುದೇ ಇಲ್ಲ. ಇಲ್ಲಿ ನಮ್ಮಂಥ ಪ್ರಾರ್ಥನೆ ಮಾಡುವವರಿಗೆ ಒಂದು ವಿಶೇಷ ಅಪಾಯ ಇದೆ. ಪ್ರಾರ್ಥನೆಯೇ ವಾದದ ತಾಲೀಮು ಆಗಿಬಿಡುತ್ತದೆ. "ಕರ್ತನೇ, ಅವನ ಕಣ್ಣು ತೆರೆ, ಅವನ ಆಸೆಬುರುಕತನ ಅವನಿಗೇ ತೋರಿಸು" ಅಂತ ಹತ್ತು ನಿಮಿಷ ಪ್ರಾರ್ಥಿಸಿ ಎದ್ದವರು ಮೊದಲಿಗಿಂತ ಕೆಂಪಗಾಗಿ ಎದ್ದಿರುತ್ತಾರೆ. ಕಣ್ಣು ಮುಚ್ಚಿ ಜಗಳ ಆಡಿದ್ದು ಅಷ್ಟೇ. ಅಂಥ ಹೊತ್ತಿನಲ್ಲಿ ಮಾತಿಲ್ಲದ, ಚಿಕ್ಕ ಪ್ರಾರ್ಥನೆ ಮೇಲು. ಬಾಯಿಪಾಠ ಇರುವ ಕೀರ್ತನೆಯೊಂದನ್ನು ನಿಧಾನವಾಗಿ ಹೇಳಿಕೊಳ್ಳಿ. ಪಾತ್ರೆ ತೊಳೆಯಿರಿ. ಓಣಿಯಲ್ಲಿ ಒಂದು ಸುತ್ತು ಹಾಕಿ ಬನ್ನಿ.

ಅದಕ್ಕಿಂತ ಕೆಟ್ಟದ್ದು, ಎಲ್ಲರೂ ಕೂತ ಕುಟುಂಬ ಪ್ರಾರ್ಥನೆಯಲ್ಲಿ ದೇವರಿಗೆ ಹೇಳುವ ಹಾಗೆ ಪಕ್ಕದವರಿಗೆ ಚುಚ್ಚುವುದು. "ಈ ಮನೆಯೊಳಗೆ ಹೊಂದಾಣಿಕೆ ಇಲ್ಲದವರ ಮನಸ್ಸು ಕರಗಿಸಪ್ಪಾ." ಕೇಳಿದ್ದೀರಿ ಅಲ್ವಾ? ಅದಕ್ಕೆ ಎದುರಿನವರು ಆಮೆನ್ ಅನ್ನಲೂ ಆಗದು, ಉತ್ತರ ಕೊಡಲೂ ಆಗದು. ನಿಮ್ಮ ಅಣ್ಣ ಸಂಡೇ ಸ್ಕೂಲಿನ ಮಾತು ತೆಗೆದದ್ದೂ ಇದೇ ಜಾತಿಯದ್ದು. ವಿಷಯ ಬಿಟ್ಟು ನಿಮ್ಮ ನಂಬಿಕೆಯನ್ನು ಹಿಡಿದು ಎಳೆದ. ಅಂಥ ಮಾತು ಬಂದಾಗ ಅದರ ಹಿಂದೆ ಓಡಬೇಡಿ. "ನಾ ಕೂಗಿದ್ದು ತಪ್ಪ. ಅದನ್ನ ಒಪ್ಕೋತೀನಿ. ಮನಿ ವಿಷಯ ತಣ್ಣಗ ಕೂತು ಮಾತಾಡೋಣು." ಇಷ್ಟು ಸಾಕು. ನೀವು ಒಳ್ಳೆಯ ಕ್ರೈಸ್ತಳು ಅಂತ ಆ ಊಟದ ಮೇಜಿನಲ್ಲಿ ಸಾಬೀತು ಮಾಡುವ ಹೊಣೆ ನಿಮ್ಮ ಮೇಲಿಲ್ಲ.

ಈಗ ಅಣ್ಣನ ಕಡೆಯಿಂದ ಸ್ವಲ್ಪ ನೋಡಬೇಕು. ಅವನ ಪಕ್ಷ ವಹಿಸುತ್ತಿಲ್ಲ. ನೀವು ಕೊಡುವ ಉತ್ತರ ಅವನಿಗೆ ತಾಕಬೇಕಾದರೆ ಅವನಿಗೆ ಎಲ್ಲಿ ನೋವಿದೆ ಅಂತ ನಿಮಗೆ ಗೊತ್ತಿರಬೇಕು. ಅಪ್ಪ ಹೋದ ಮೇಲೆ ಮನೆಯ ದೊಡ್ಡವನು ಅನ್ನುವ ಹೊರೆ ಅವನ ಮೇಲೆ ಬಿದ್ದಿದೆ. ಅವ್ವನ ಔಷಧಿ, ಮನೆಯ ರಿಪೇರಿ ಅವನೇ ನೋಡಿಕೊಂಡಿರಬೇಕು. ಯಾಕೆ ಮಾರಬೇಕಾಗಿದೆ ಅಂತ ನೀವು ಬರೆದಿಲ್ಲ. ಸಾಲ ಇರಬಹುದು, ಹೇಳಿಕೊಳ್ಳಲು ನಾಚಿಕೆ ಇರಬಹುದು. ತಂದೆ ಸತ್ತ ಮೊದಲ ಕೆಲವು ವರ್ಷಗಳಲ್ಲಿ ಆಗುವ ಆಸ್ತಿ ಜಗಳದೊಳಗೆ ಅತ್ತು ಮುಗಿಯದ ದುಃಖ ಇರುತ್ತದೆ ಅನ್ನುವುದು ನನ್ನ ಅನುಭವ. "ಅಪ್ಪ ದವಾಖಾನ್ಯಾಗ ಇದ್ದಾಗ ನೀ ಎಲ್ಲಿದ್ದಿ" ಅನ್ನುವ ಪ್ರಶ್ನೆಯನ್ನು ಅವನು ತನಗೇ ಎಷ್ಟು ರಾತ್ರಿ ಕೇಳಿಕೊಂಡಿದ್ದಾನೋ ಯಾರಿಗೆ ಗೊತ್ತು? ನೀವು ಅದನ್ನು ಹೆಂಡತಿ, ತಂಗಿ, ತಾಯಿಯ ಎದುರು ಕೇಳಿದಿರಿ. ಅವನು ಉರಿದೆದ್ದದ್ದು ಪಾಲಿನ ಮಾತಿಗಲ್ಲ.

ಬೈಬಲ್ಲಿನ ನ್ಯಾಯಸ್ಥಾಪಕರ ಪುಸ್ತಕದಲ್ಲಿ ಇದಕ್ಕೆ ಹೊಂದುವ ಎರಡು ಪ್ರಸಂಗಗಳಿವೆ. ಸಭೆಯ ಬೋಧನೆಯಲ್ಲಿ ಇವನ್ನು ಜೊತೆಗಿಟ್ಟು ಹೇಳಿದ್ದನ್ನು ನಾನು ಹೆಚ್ಚು ಕೇಳಿಲ್ಲ. 8ನೇ ಅಧ್ಯಾಯದಲ್ಲಿ ಇಸ್ರಾಯೇಲ್ಯರ ನಾಯಕ ಗಿದ್ಯೋನನು ಶತ್ರುಗಳಾದ ಮಿದ್ಯಾನ್ಯರ ಮೇಲೆ ಗೆದ್ದಿರುತ್ತಾನೆ. ಇಸ್ರಾಯೇಲ್ಯರಲ್ಲೇ ಒಂದಾದ ಎಫ್ರಾಯೀಮ್ ಕುಲದವರು ಬಂದು, ಯುದ್ಧಕ್ಕೆ ನಮ್ಮನ್ನೇಕೆ ಕರೆಯಲಿಲ್ಲ ಅಂತ ಜೋರಾಗಿ ಜಗಳ ತೆಗೆಯುತ್ತಾರೆ. ಗಿದ್ಯೋನನಿಗೆ ತನ್ನ ಸಮರ್ಥನೆ ಕೊಡಬಹುದಿತ್ತು. ಕೊಡಲಿಲ್ಲ. ನೀವು ಮಾಡಿದ್ದರ ಮುಂದೆ ನಾನು ಮಾಡಿದ್ದೇನು ದೊಡ್ಡದು, ನಮ್ಮ ಅಬೀಯೆಜೆರನ ಮನೆಯವರ ಇಡೀ ದ್ರಾಕ್ಷಿ ಸುಗ್ಗಿಗಿಂತ ನೀವು ಹಕ್ಕಲಾಯ್ದದ್ದೇ (ಸುಗ್ಗಿಯ ನಂತರ ಉಳಿದದ್ದನ್ನು ಆರಿಸಿಕೊಂಡದ್ದೇ) ಮೇಲು, ಮಿದ್ಯಾನ್ಯರ ನಾಯಕರಾದ ಓರೇಬ್, ಜೇಬ್ ಇಬ್ಬರನ್ನೂ ದೇವರು ಒಪ್ಪಿಸಿದ್ದು ನಿಮ್ಮ ಕೈಗೇ ಅಲ್ಲವೇ ಅಂದ. ಅವರ ಸಿಟ್ಟು ಇಳಿಯಿತು. ಇದು ಹೊಗಳುಭಟ್ಟತನ ಅಲ್ಲ, ಅದೇ ಇಲ್ಲಿನ ಸ್ವಾರಸ್ಯ. ಆ ಇಬ್ಬರು ನಾಯಕರನ್ನು ಹಿಡಿದವರು ನಿಜಕ್ಕೂ ಎಫ್ರಾಯೀಮ್ಯರೇ. ಎದುರಿನವರ ಬಗ್ಗೆ ಇರುವ ಒಂದು ಸತ್ಯವನ್ನು ಗಿದ್ಯೋನ ಮೊದಲು ಹೇಳಿದ. ಅವರ ಮನಸ್ಸಿಗೆ ಬೇಕಾಗಿದ್ದು ತಮ್ಮನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ ಅನ್ನುವ ಮಾತು. ಅದನ್ನು ಕೊಟ್ಟ.

ನಾಲ್ಕು ಅಧ್ಯಾಯ ಮುಂದೆ ಹೋದರೆ ಅದೇ ಕುಲ, ಅದೇ ದೂರು, ಈ ಸಲ ಇನ್ನೊಬ್ಬ ನಾಯಕ ಯೆಪ್ತಾಹನ ಮುಂದೆ. ಈ ಸಲ ಅವರ ಮಾತು ಇನ್ನೂ ಕೆಟ್ಟದಾಗಿತ್ತು, ನಿನ್ನನ್ನೂ ನಿನ್ನ ಮನೆಯನ್ನೂ ಸುಟ್ಟುಬಿಡುತ್ತೇವೆ ಅಂದಿದ್ದರು. ಯೆಪ್ತಾಹ ತನ್ನ ಪಕ್ಷದ ಸಂಗತಿಗಳನ್ನು ಸಾಲಾಗಿ ಇಟ್ಟ. ನಾನು ಕರೆದಿದ್ದೆ, ನೀವು ಬರಲಿಲ್ಲ, ಜೀವ ಕೈಯಲ್ಲಿ ಹಿಡಿದು ನಾನೇ ಹೋದೆ, ಈಗ ಯಾಕೆ ಬಂದಿರಿ ಅಂದ. ಅವನು ಹೇಳಿದ್ದು ಸುಳ್ಳು ಅಂತ ಬೈಬಲ್ ಎಲ್ಲೂ ಹೇಳುವುದಿಲ್ಲ. ಅಲ್ಲಿಂದ ಶುರುವಾದ ಕಾಳಗದಲ್ಲಿ, ಯೊರ್ದನ್ ಹೊಳೆಯ ಹಾಯುಗಡಗಳಲ್ಲಿ, 42,000 ಎಫ್ರಾಯೀಮ್ಯರು ಸತ್ತರು. ಒಂದೇ ಜನಾಂಗದ ಅಣ್ಣತಮ್ಮಂದಿರು. ಸರಿಯಾದ ಸಂಗತಿಗಳು ಕೈಯಲ್ಲಿದ್ದರೆ ಜಗಳ ಗೆದ್ದಂತೆ ಅನ್ನುವವರು ಈ ಅಧ್ಯಾಯ ಓದಬೇಕು. ನಿಮ್ಮ ಕೈಯಲ್ಲೂ ಈಗ 1925ರ ಕಾಯ್ದೆ ಇದೆ. ಅದಕ್ಕೇ ಈ ಮಾತು ಹೇಳುತ್ತಿದ್ದೇನೆ.

ನನ್ನ ಕೋಣೆಯಲ್ಲಿ ನಡೆದದ್ದು ಒಂದನ್ನು ಹೇಳುತ್ತೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಅಕ್ಕ, ತಮ್ಮ ಬಂದಿದ್ದರು. ತಾಯಿಯನ್ನು ನೋಡಿಕೊಂಡವನು ತಮ್ಮ. ಮಾತು ಶುರುವಾಗಿ ಐದು ನಿಮಿಷಕ್ಕೆ ಅವನು ಪ್ಲಾಸ್ಟಿಕ್ ಚೀಲದಿಂದ ಔಷಧಿ ಅಂಗಡಿಯ ಬಿಲ್ಲುಗಳ ಕಟ್ಟು ತೆಗೆದು ಮೇಜಿನ ಮೇಲೆ ಒಗೆದ. ರಬ್ಬರ್ ಬ್ಯಾಂಡು ಹರಿದು ಬಿಲ್ಲುಗಳು ಚೆಲ್ಲಿದವು. ಹಿಂದಿನ ಸಲ ಹೀಗಾದಾಗ ಅಕ್ಕ "ಯಾರ ಕೇಳಿದ್ರು ನಿನ್ನ ಬಿಲ್ಲು?" ಅಂದಿದ್ದಳಂತೆ. ಈ ಸಲ ಏನೂ ಅನ್ನಲಿಲ್ಲ. ಬಗ್ಗಿ ಬಿಲ್ಲುಗಳನ್ನು ಆರಿಸಿ, ಒಂದನ್ನು ಹಿಡಿದು ಓದಿದಳು. "ಇದು ಅವ್ವ ಬಚ್ಚಲದಾಗ ಜಾರಿ ಬಿದ್ದಾಗಿಂದೇನು?" ಅಂತ ಕೇಳಿದಳು. ತಮ್ಮ ಹೂಂ ಅಂದ. "ಅವತ್ತು ರಾತ್ರಿ ನೀ ಒಬ್ಬನ ಇದ್ದಿ, ಅಲ್ಲಾ?" ಅಂದಳು. ಅವನು ಅಲ್ಲೇ ಕೂತ, ದನಿ ಇಳಿಯಿತು. ಪಾಲಿನ ಮಾತು ಅವತ್ತು ಬಗೆಹರಿಯಲಿಲ್ಲ, ಇನ್ನೂ ಎಷ್ಟೋ ಸಲ ಬಂದರು. ಆದರೆ ಅವತ್ತಿನ ನಂತರ ಇಬ್ಬರೂ ಲೆಕ್ಕ ಹಾಕಿದ್ದು ಒಂದೇ ಹಾಳೆಯ ಮೇಲೆ. ಅವನು ಮಾಡಿದ ಖರ್ಚನ್ನು ಮೊದಲು ತೆಗೆದಿಟ್ಟು ಉಳಿದದ್ದನ್ನು ಹಂಚಿಕೊಳ್ಳೋಣ ಅಂತ ಹೇಳಿದವಳು ಅಕ್ಕನೇ.

ಹಾಗಾದರೆ ನೀವು ಏನು ಮಾಡಬಹುದು?

ಮೊದಲು ಕ್ಷಮೆ. ಅಪ್ಪನ ಹೆಸರು ಹಿಡಿದು ಆಡಿದ ಮಾತಿಗೆ ಮಾತ್ರ. "ಅಣ್ಣಾ, ಅವತ್ತು ಅಪ್ಪನ ಸುದ್ದಿ ತೆಗೆದು ನಾ ಅಂದ ಮಾತು ತಪ್ಪು. ಎಲ್ಲಾರ ಮುಂದ ಅನ್ನಬಾರದಿತ್ತು. ಕ್ಷಮಿಸು." ಇದಕ್ಕೆ "ಆದ್ರ ನೀನೂ" ಅಂತ ಬಾಲ ಹಚ್ಚಬೇಡಿ. ಬಾಲ ಹಚ್ಚಿದ ಕ್ಷಮೆ ಹೊಸ ಜಗಳದ ಮೊದಲ ಸಾಲು. ಅವನು "ಹಂಗಾರ ಸಹಿ ಹಾಕು" ಅನ್ನಬಹುದು, ಅನ್ನುತ್ತಾನೆ ಅಂತಲೇ ಇಟ್ಟುಕೊಳ್ಳಿ. "ಸಹಿ ವಿಷಯ ಬ್ಯಾರೆ ಅಣ್ಣಾ. ಅದನ್ನ ಕೂತು ಮಾತಾಡೋಣು" ಅನ್ನಿ. ಫೋನಿಗಿಂತ ಎದುರಿಗೆ ಹೇಳುವುದು ಒಳ್ಳೆಯದು. ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಬೇಡವೇ ಬೇಡ. ಅಲ್ಲಿ ದನಿ ಕೇಳಿಸುವುದಿಲ್ಲ, ನೋಡುವವರು ಜಾಸ್ತಿ, ಸ್ಕ್ರೀನ್‌ಶಾಟ್ ಬೇರೆ.

ಆಮೇಲೆ ಅವ್ವನ ಹತ್ತಿರ ಕೂತು ಕೇಳಿ, ಒಬ್ಬರೇ ಇದ್ದಾಗ. ಎಲ್ಲಿ ಇರಬೇಕು ಅಂತ ಅವರಿಗೆ ಇದೆ? ಮನೆ ಮಾರಿದರೆ ಅವರ ಮುಂದಿನ ಗತಿ ಏನು? ಉತ್ತರ ನಿಮಗೆ ಅನುಕೂಲವಾಗಿ ಬರದೇ ಇರಬಹುದು. ಮಗನ ಜೊತೆಗೇ ಹೋಗುತ್ತೇನೆ ಅಂದಾರು. ಕೇಳಿಸಿಕೊಳ್ಳಿ.

ಅಣ್ಣನ ಜೊತೆ ವಿಷಯ ಮಾತಾಡುವಾಗ ಮತ್ತಾಯ 18ರಲ್ಲಿ ಯೇಸು ಹೇಳಿದ ಹಾಗೆ ಮೊದಲು ಇಬ್ಬರೇ ಕೂಡಿ. ಊಟದ ಮೇಜು ಬೇಡ, ವೈನಿ ಮತ್ತು ನಿಮ್ಮ ಯಜಮಾನರು ಪಕ್ಕದಲ್ಲಿ ಇರುವುದು ಬೇಡ. ನೋಡುವವರು ಇದ್ದರೆ ಸೋಲಲು ಯಾರೂ ತಯಾರಿರುವುದಿಲ್ಲ. ಹೊತ್ತನ್ನೂ ನೋಡಿ. ಬೈಬಲ್ಲಿನಲ್ಲಿ, ನಾಬಾಲ ಅನ್ನುವವನು ಅವಮಾನ ಮಾಡಿದ ಅಂತ ದಾವೀದನು 400 ಜನರನ್ನು ಕರೆದುಕೊಂಡು ಕತ್ತಿ ಹಿಡಿದು ಬರುವಾಗ ನಾಬಾಲನ ಹೆಂಡತಿ ಅಬೀಗೈಲ್ ತಡಮಾಡದೆ ಕತ್ತೆಗಳ ಮೇಲೆ ರೊಟ್ಟಿ ಹೇರಿಕೊಂಡು ಎದುರು ಹೋದಳು. ಅದೇ ಅಬೀಗೈಲ್, ಗಂಡ ನಾಬಾಲ ಕುಡಿದು ಮತ್ತೇರಿದ್ದಾಗ ಬೆಳಗಾಗುವ ತನಕ ಒಂದು ಮಾತೂ ಹೇಳಲಿಲ್ಲ. ನಿಮ್ಮ ಅಣ್ಣನ ಬೆಳಗಿನ ಹೊತ್ತು ಯಾವುದು ಅಂತ ನಿಮಗೇ ಚೆನ್ನಾಗಿ ಗೊತ್ತು. ಮಾತನ್ನು ಅವನು ಮಾಡಿದ್ದರಿಂದ ಶುರುಮಾಡಿ. "ಅವ್ವನ್ನ ಇಷ್ಟು ದಿನ ನೋಡಿಕೊಂಡಾಂವ ನೀನ. ಅದನ್ನ ನಾ ಮರ್ತಿಲ್ಲ." ಆಮೇಲೆ ಕೇಳಿ, ಯಾಕೆ ಮಾರಬೇಕಾಗಿದೆ ಅಂತ. ಅವನು ಹೇಳುವಾಗ ನಡುವೆ ಬಾಯಿ ಹಾಕಬೇಡಿ. ಕೊನೆಗೆ ನಿಮ್ಮ ಮಾತು ಹೇಳಿ. ಕಾಯ್ದೆಯ ಪ್ರಕಾರ ಪಾಲು ಹೀಗೆ ಅಂತ ಕೇಳಿದ್ದೇನೆ, ನೀನೂ ಒಬ್ಬ ವಕೀಲರನ್ನು ಕೇಳು, ಪತ್ರದ ನಕಲು ಕೊಡು, ಓದದೆ ಸಹಿ ಹಾಕುವುದಿಲ್ಲ ಅಂತ. ಇಬ್ಬರೇ ಮಾತಾಡಿದರೆ ನಾಳೆ ಹಾಗಂದೇ ಇಲ್ಲ ಅನ್ನುವ ಅಪಾಯ ಇದೆ. ಅದಕ್ಕೆ ಅವತ್ತೇ ಸಂಜೆ ಅವನಿಗೊಬ್ಬನಿಗೇ ಎರಡು ಸಾಲಿನ ಮೆಸೇಜ್ ಹಾಕಿ, ಏನು ಮಾತಾಡಿದೆವು ಅಂತ.

ಜ್ಞಾನೋಕ್ತಿ 17ರಲ್ಲಿ ಜಗಳದ ಆರಂಭವನ್ನು ಕಟ್ಟೆ ಒಡೆದು ನೀರು ಹೊರಗೆ ಬಿಟ್ಟದ್ದಕ್ಕೆ ಹೋಲಿಸಿದ್ದಾರೆ. ಕೆರೆ ಏರಿಯಲ್ಲಿ ಬೆರಳುಗಾತ್ರದ ತೂತು ಕಂಡಾಗಲೇ ಮಣ್ಣು ಮೆತ್ತಬೇಕು. ನಿಮ್ಮ ಮಾತುಕತೆಯಲ್ಲಿ ಆ ತೂತು ಎಲ್ಲಿ ಬೀಳುತ್ತದೆ ಅಂತ ಈಗಲೇ ಗೊತ್ತಿದೆ: ಮದುವೆ ಖರ್ಚು, ಆಸ್ಪತ್ರೆ, ವೈನಿಯ ಹೆಸರು. ಈ ಮೂರರಲ್ಲಿ ಒಂದು ಬಂದ ಕೂಡಲೇ ನಿಮ್ಮ ದನಿಯನ್ನು ಒಂದು ಮೆಟ್ಟಿಲು ಕೆಳಗಿಳಿಸಿ, ಮಾತು ನಿಧಾನ ಮಾಡಿ. ಎದುರಿನವರು ಕೂಗುವಾಗ ನಾವು ಮೆತ್ತಗೆ ಮಾತಾಡಿದರೆ ಕೇಳಿಸಿಕೊಳ್ಳಲಿಕ್ಕಾದರೂ ಅವರು ತಡೆಯಬೇಕಾಗುತ್ತದೆ. ಎಲ್ಲ ಸಲ ಫಲಿಸುವುದಿಲ್ಲ. ದಾವೀದನು ಅರಸ ಸೌಲನಿಗೆ ಕಿನ್ನರಿ ನುಡಿಸುತ್ತಿದ್ದಾಗಲೇ ಸೌಲ ಈಟಿ ಎಸೆದ. ದಾವೀದ ತಪ್ಪಿಸಿಕೊಂಡು ಓಡಿಹೋದ, ಅದು ಅವಿಶ್ವಾಸ ಅಂತ ಯಾರೂ ಅನ್ನಲಿಲ್ಲ. ಮನೆಯಲ್ಲಿ ಯಾರಾದರೂ ಕೈ ಎತ್ತಿದರೆ, ಬೆದರಿಸಿದರೆ, ಅಲ್ಲಿ ಮೃದು ಉತ್ತರದ ಪ್ರಶ್ನೆಯೇ ಇಲ್ಲ. ಹೊರಗೆ ಬನ್ನಿ, 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಇಬ್ಬರ ಮಾತು ಕೂಡಿಬರದಿದ್ದರೆ ಮೂರನೆಯವರು ಬೇಕು. ಅಯ್ಯನವರು ಆಗಬಹುದು, ಸೋದರಮಾವ ಆಗಬಹುದು. ಒಂದೇ ನಿಯಮ: ಮನೆ ಮಾರಿದರೂ ಉಳಿದರೂ ಅವರಿಗೆ ಲಾಭ-ನಷ್ಟ ಇರಬಾರದು. ಸಭೆಯವರನ್ನು ಕರೆದರೆ ಸುದ್ದಿ ಹರಡುವ ಅಪಾಯ ಇದೆ, ಅದನ್ನು ಮುಚ್ಚಿಡುವುದಿಲ್ಲ. ಮಹಿಳಾ ಕೂಟದಲ್ಲಿ "ಪ್ರಾರ್ಥನೆ ಮಾಡಿ" ಅಂತ ವಿವರ ಹೇಳಿಕೊಂಡದ್ದು ಮಾರನೇ ದಿನ ಬೆಟಗೇರಿಗೆ ಮುಟ್ಟಿರುತ್ತದೆ. ಹೆಸರು, ವಿಷಯ ಏನೂ ಹೇಳದೆ ಪ್ರಾರ್ಥನೆ ಕೇಳಲು ಬರುತ್ತದೆ.

ಕೋರ್ಟಿನ ಬಗ್ಗೆ ನಿಮ್ಮ ಯಜಮಾನರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ, ಅಲ್ಲಿಂದ ಶುರುಮಾಡಲೂ ಬೇಡಿ. ಕೊರಿಂಥದ ಸಭೆಯವರು ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡಿದಾಗ, ನಿಮ್ಮಲ್ಲಿ ತೀರ್ಪು ಹೇಳುವ ಒಬ್ಬ ಜಾಣನೂ ಇಲ್ಲವೇ ಅಂತ ಪೌಲ ನೊಂದು ಕೇಳಿದ. ಅದೇ ಪೌಲ ತನಗೆ ನ್ಯಾಯ ಸಿಗುವುದಿಲ್ಲ ಅಂತ ಖಾತ್ರಿಯಾದಾಗ ರೋಮಿನ ಚಕ್ರವರ್ತಿ ಕೈಸರನಿಗೆ ಮನವಿ ಮಾಡಿಕೊಂಡ. ನಡುವೆ ಇನ್ನೊಂದು ದಾರಿ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದರೆ ಮೊಕದ್ದಮೆ ಹೂಡುವ ಮುಂಚೆಯೇ ರಾಜಿಗೆ ಕೂರಿಸುತ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಕಾನೂನು ನೆರವು ಉಚಿತ. ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ಒಪ್ಪುವ ಮುಂಚೆ ಪ್ರತಿ ಸಾಲು ಓದಬೇಕು.

ಕೊನೆಗೆ, ಬಿಟ್ಟುಕೊಡುವುದೂ ಒಂದು ದಾರಿಯೇ. ದನಗಾಹಿಗಳ ಜಗಳ ಬಂದಾಗ ಅಬ್ರಹಾಮ ತನ್ನ ತಮ್ಮನ ಮಗ ಲೋಟನಿಗೆ ಮೊದಲು ನೀನು ಆರಿಸಿಕೋ ಅಂದ. ಆದರೆ ಅವನನ್ನು ಯಾರೂ ಮೂಲೆಗೆ ತಳ್ಳಿರಲಿಲ್ಲ. ನಿಮ್ಮ ಪಾಲು ಎಷ್ಟು ಅಂತ ಗೊತ್ತಾದ ಮೇಲೆ, ಅಣ್ಣನ ಕಷ್ಟ ಕಣ್ಣಾರೆ ನೋಡಿದ ಮೇಲೆ, ತಂಗಿಯ ಹತ್ತಿರವೂ ಮಾತಾಡಿದ ಮೇಲೆ, ಪೂರ್ತಿಯೋ ಸ್ವಲ್ಪವೋ ಬಿಡುತ್ತೇನೆ ಅಂತ ಅನ್ನಿಸಿದರೆ ಸಂತೋಷವಾಗಿ ಬಿಡಿ. ಹತ್ತು ವರ್ಷ ಆದ ಮೇಲೂ ಅದನ್ನು ಎತ್ತಿ ಆಡುವುದಿಲ್ಲ ಅಂತ ನಿಮಗೆ ನೀವೇ ಹೇಳಿಕೊಳ್ಳಲು ಆಗುತ್ತದಾ ನೋಡಿ. ಆಗುವುದಿಲ್ಲ ಅನ್ನಿಸಿದರೆ ಈಗ ಬಿಡಬೇಡಿ, ಆ ಕಹಿ ಮುಂದೆ ನಿಮ್ಮ ಮಕ್ಕಳಿಗೆ ಹೋಗುತ್ತದೆ. ಏನೇ ಬಿಟ್ಟರೂ ಅವ್ವನ ಮೂರನೇ ಒಂದು ಪಾಲು ಅವರ ಹೆಸರಿನಲ್ಲೇ ಉಳಿಯುವ ಹಾಗೆ ನೋಡಿಕೊಳ್ಳಿ, ಅವರು ಬೇಡ ಅಂದರೂ.

ಕ್ರಿಸ್‌ಮಸ್ ಒಳಗೆ ಅನ್ನುವ ಗಡುವಿಗೆ ಹೆದರಬೇಡಿ, ಅದು ಅಣ್ಣ ಹಾಕಿದ್ದು. ಈ ವಾರವೇ ಅವನಿಗೆ ಹೇಳಿ, ಹಬ್ಬದ ದಿನಗಳಲ್ಲಿ ಮನೆಯ ಮಾತು ಬೇಡ, ಜನವರಿಯಲ್ಲಿ ಇಂಥ ಶನಿವಾರ ಬೆಳಿಗ್ಗೆ ಬರುತ್ತೇನೆ, ಅಷ್ಟರೊಳಗೆ ಪತ್ರದ ನಕಲು ಕಳಿಸು ಅಂತ. ದಿನ ನೀವೇ ಗೊತ್ತುಮಾಡಿ. ತಂಗಿಗೂ ಅದೇ ದಿನ ತಿಳಿಸಿ, ಅವಳ ಸಹಿಯೂ ಅಷ್ಟರ ತನಕ ತಡೆಯಲಿ.